ಸ್ಲೀವಾ, ಬೈಪಾಸಾ? ತೂಕ ಇಳಿಸೋ ಆಪರೇಷನ್‌ಗಳ ಎಪ್ಪತ್ತು ವರ್ಷದ ಕಥೆ

(ಪಾಡ್‌ಕಾಸ್ಟ್ ಕಂತಿನ ಪಠ್ಯರೂಪ)



ಶಿವಮೊಗ್ಗದಲ್ಲಿ ಯಾರನ್ನಾದ್ರೂ ನಿಲ್ಲಿಸಿ 'ಬೈಪಾಸ್' ಅಂದ್ರೆ ಏನು ಅಂತ ಕೇಳಿ. ಅರ್ಧ ಜನ ತುಂಗಾ ನದಿ ಕಡೆಗೆ ಕೈ ತೋರಿಸಿ ಬೈಪಾಸ್ ರಸ್ತೆ ಅಂತಾರೆ, ಉಳಿದರ್ಧ ಜನ ಎದೆ ಮೇಲೆ ಕೈ ಇಟ್ಕೊಂಡು ಹಾರ್ಟ್ ಆಪರೇಷನ್ ಅಂತಾರೆ. 'ಗ್ಯಾಸ್ಟ್ರಿಕ್' ಅಂದ್ರೆ ಇನ್ನೂ ಸುಲಭ. ಎದೆ ಉರಿ, ಹುಳಿ ತೇಗು, ಮೆಡಿಕಲ್ ಶಾಪಿನಲ್ಲಿ ಸಿಗೋ ಗುಳಿಗೆ. ಈ ಎರಡು ಪದ ಸೇರಿಸಿ 'ಗ್ಯಾಸ್ಟ್ರಿಕ್ ಬೈಪಾಸ್' ಅಂದಾಗ ಮಾತ್ರ ಎಲ್ಲರೂ ಒಂದು ಕ್ಷಣ ಸುಮ್ಮನಾಗ್ತಾರೆ.

ಈ ಸರಣಿಯಲ್ಲಿ ನಾವು ಸಾಮಾನ್ಯವಾಗಿ ಕೋಟೆ, ಕಾರ್ಖಾನೆ, ಅಣೆಕಟ್ಟುಗಳ ಚರಿತ್ರೆ ಮಾತಾಡ್ತೀವಿ. ಇವತ್ತು ಒಂದು ಆಪರೇಷನ್ನಿನ ಚರಿತ್ರೆ. ಯಾಕೆ ಅಂದ್ರೆ, ತೂಕ ಇಳಿಸೋಕೆ ಶಸ್ತ್ರಚಿಕಿತ್ಸೆ ಮಾಡಿಸ್ಕೋಬೇಕು ಅಂತ ಡಾಕ್ಟರು ಹೇಳಿದ ಮೇಲೆ ಮನೆಯಲ್ಲಿ ಮೊದಲು ಬರೋ ಪ್ರಶ್ನೆ 'ಮಾಡಿಸೋಣವಾ ಬೇಡವಾ' ಅನ್ನೋದು. ಎರಡನೇ ಪ್ರಶ್ನೆ 'ಯಾವುದು ಮಾಡಿಸೋಣ'. ಸ್ಲೀವಾ, ಬೈಪಾಸಾ, ಮಿನಿ ಬೈಪಾಸಾ? ಮೊದಲ ಪ್ರಶ್ನೆಗೆ ಊರೆಲ್ಲ ಉತ್ತರ ಕೊಡುತ್ತೆ. ಎರಡನೆಯದಕ್ಕೆ ಯಾರ ಹತ್ರಾನೂ ಉತ್ತರ ಇರಲ್ಲ. ಆದರೆ ಚರಿತ್ರೆ ಗೊತ್ತಿದ್ರೆ ಈ ಎರಡನೇ ಪ್ರಶ್ನೆ ಸ್ವಲ್ಪ ಹಗುರಾಗುತ್ತೆ. ಇಲ್ಲಿ ಒಂದೊಂದು ಆಪರೇಷನ್ನೂ ಅದರ ಹಿಂದಿನದರ ತಪ್ಪು ತಿದ್ದೋಕೆ ಹುಟ್ಟಿದ್ದು. ಯಾವ ತಪ್ಪು ತಿದ್ದೋಕೆ ಬಂತು ಅಂತ ಗೊತ್ತಾದ್ರೆ, ಅದು ಯಾರಿಗೆ ಸರಿ, ಯಾರಿಗೆ ಸರಿಯಲ್ಲ ಅನ್ನೋದೂ ಗೊತ್ತಾಗುತ್ತೆ.

ಅಲ್ಸರಿನಿಂದ ಶುರುವಾದ ಕಥೆ

ಈ ಕಥೆಯ ಬೇರು ಬೊಜ್ಜಿನಲ್ಲಿ ಇಲ್ಲ, ಹೊಟ್ಟೆಹುಣ್ಣಿನಲ್ಲಿದೆ. 1881ರಲ್ಲಿ ವಿಯೆನ್ನಾದಲ್ಲಿ ಥಿಯೋಡರ್ ಬಿಲ್‌ರೋತ್ ಎಂಬ ಸರ್ಜನ್ ಕ್ಯಾನ್ಸರ್ ಇದ್ದ ಒಬ್ಬ ಹೆಂಗಸಿನ ಜಠರದ ಒಂದು ಭಾಗವನ್ನು ಕತ್ತರಿಸಿ ತೆಗೆದು, ಉಳಿದ ಭಾಗವನ್ನು ಕರುಳಿಗೆ ಜೋಡಿಸಿದರು. ಅದೇ ವರ್ಷ ಅವರ ಸಹಾಯಕ ಆಂಟನ್ ವೂಲ್ಫ್ಲರ್ ಜಠರವನ್ನು ಕತ್ತರಿಸದೆ, ಸಣ್ಣಕರುಳಿನ ಒಂದು ಮಡಿಕೆಯನ್ನು ಎತ್ತಿ ಜಠರಕ್ಕೆ ನೇರವಾಗಿ ಹೊಲಿದರು. ಸ್ವಿಟ್ಜರ್‌ಲೆಂಡಿನ ಲೊಸಾನ್ ಊರಿನ ಸೀಸರ್ ರೂ 1890ರ ದಶಕದಲ್ಲಿ ಅದನ್ನೇ ಇಂಗ್ಲಿಷಿನ ವೈ ಅಕ್ಷರದ ಆಕಾರದಲ್ಲಿ ಜೋಡಿಸೋ ವಿಧಾನ ರೂಢಿಗೆ ತಂದರು. ಪಿತ್ತರಸ ಮೇಲಕ್ಕೆ ಬಂದು ಜಠರ ಸುಡಬಾರದು ಅನ್ನೋದು ಅದರ ಉದ್ದೇಶ. ಇವತ್ತು ಕನ್ಸಲ್ಟಿಂಗ್ ರೂಮಿನಲ್ಲಿ 'ರೂ-ಎನ್-ವೈ' ಅಂತ ಹೇಳ್ತಾರಲ್ಲ, ಆ 'ರೂ' ಇವರೇ.

ಆಮೇಲಿನ ನೂರು ವರ್ಷ ಈ ಕೌಶಲವೆಲ್ಲ ಹೆಚ್ಚಾಗಿ ಖರ್ಚಾದದ್ದು ಅಲ್ಸರ್ ಮೇಲೆ. ನಮ್ಮ ಕಡೆ ಅಲ್ಸರ್ ಎಷ್ಟಿತ್ತು ಅಂತ ವಯಸ್ಸಾದವರನ್ನ ಕೇಳಿ, ಹೇಳ್ತಾರೆ. ಹೊಟ್ಟೆ ಮಧ್ಯೆ ಉದ್ದಕ್ಕೆ ಗಾಯದ ಗುರುತು ಇರೋ ಅಜ್ಜಂದಿರು ಒಂದು ಕಾಲದಲ್ಲಿ ಪ್ರತಿ ಕೇರಿಯಲ್ಲೂ ಇದ್ದರು.

ಇದನ್ನ ಶ್ರದ್ಧೆಯಿಂದ ಅಧ್ಯಯನ ಮಾಡಿದ ಒಬ್ಬ ಸರ್ಜನ್ ಮೈಸೂರಿನಲ್ಲಿದ್ದರು. ಫ್ರಾಂಕ್ ಟೋವಿ ಅಂತ ಹೆಸರು. 1906ರಲ್ಲಿ ಶುರುವಾದ, ಮೈಸೂರಿನ ಜನ 'ಮಿಷನ್ ಆಸ್ಪತ್ರೆ' ಅಂತಲೇ ಕರೆಯೋ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1950 ಮತ್ತು 60ರ ದಶಕಗಳಲ್ಲಿ ಕೆಲಸ ಮಾಡಿದ ಇಂಗ್ಲಿಷ್ ವೈದ್ಯರು. ಅಲ್ಸರ್ ದೇಶದ ಎಲ್ಲ ಕಡೆ ಒಂದೇ ಥರ ಇಲ್ಲ ಅನ್ನೋದು ಅವರನ್ನ ಕಾಡಿತು. ಅನ್ನ ಉಣ್ಣುವ ದಕ್ಷಿಣ ಮತ್ತು ಪೂರ್ವ ಭಾರತದಲ್ಲಿ ಹೆಚ್ಚು, ಗೋಧಿ ತಿನ್ನುವ ವಾಯವ್ಯ ಭಾರತದಲ್ಲಿ ಕಮ್ಮಿ. ಭಾರತ ಮತ್ತು ಬಾಂಗ್ಲಾದೇಶದ ಅಲ್ಸರ್ ಬಗ್ಗೆ ಅವರ ಲೇಖನ 1979ರಲ್ಲಿ 'ಗಟ್' ಪತ್ರಿಕೆಯಲ್ಲಿ ಬಂತು. ಅಕ್ಕಿ ರೊಟ್ಟಿ, ಕಡುಬು, ಗಂಜಿ ಉಣ್ಣೋ ನಮ್ಮ ಮಲೆನಾಡು ಆ ನಕ್ಷೆಯ ಯಾವ ಕಡೆ ಬೀಳುತ್ತೆ ಅಂತ ಹೇಳಬೇಕಾಗಿಲ್ಲ.

ಅಲ್ಸರ್ ಆಪರೇಷನ್ ಆದವರಿಗೆ ಆಮೇಲೆ ಬರ್ತಿದ್ದ ತೊಂದರೆಗಳನ್ನ ಸ್ವಲ್ಪ ನೆನಪಿಟ್ಕೊಳ್ಳಿ. ಕಬ್ಬಿಣದ ಅಂಶ ಹೀರಿಕೊಳ್ಳದೆ ರಕ್ತ ಕಮ್ಮಿಯಾಗೋದು, ಬಿ12 ಕೊರತೆ, ವರ್ಷಗಳ ನಂತರ ಮೂಳೆ ಸವೆಯೋದು. ಸಿಹಿ ತಿಂದ ಅರ್ಧ ಗಂಟೆಗೆ ಬೆವರು, ಎದೆ ಡವಡವ, ತಲೆಸುತ್ತು. ವೈದ್ಯರು ಇದನ್ನ 'ಡಂಪಿಂಗ್' ಅಂತಾರೆ. ಈ ಪಟ್ಟಿಗೆ ಮತ್ತೆ ಬರ್ತೀನಿ.

1982ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅಲ್ಸರಿನ ಹಿಂದೆ ಒಂದು ಬ್ಯಾಕ್ಟೀರಿಯಾ ಇದೆ ಅಂತ ಗುರುತಿಸಿದರು. 2005ರಲ್ಲಿ ಅವರಿಗೆ ನೊಬೆಲ್ ಬಂತು. ಮಾತ್ರೆಯಲ್ಲೇ ಅಲ್ಸರ್ ವಾಸಿಯಾಗತೊಡಗಿ, ಆ ಆಪರೇಷನ್ ಹೆಚ್ಚೂಕಮ್ಮಿ ಮರೆಯಾಯ್ತು. ಆದರೆ ಅಷ್ಟೊತ್ತಿಗೆ ಅದು ಇನ್ನೊಂದು ಮರಿ ಹಾಕಿತ್ತು.

ಹದಿನೆಂಟು ಇಂಚಿನ ಕರುಳು

ಬೊಜ್ಜಿಗೆ ಅಂತಲೇ ಮಾಡಿದ ಮೊದಲ ಆಪರೇಷನ್‌ಗಳು ಜಠರವನ್ನ ಮುಟ್ಟಲೇ ಇಲ್ಲ. 1954ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಕ್ರೆಮೆನ್, ಲಿನ್ನರ್ ಮತ್ತವರ ಜೊತೆಗಾರರು ಸಣ್ಣಕರುಳಿನ ಬಹುಭಾಗವನ್ನ ದಾರಿಯಿಂದ ಹೊರಗಿಡೋ ವಿಧಾನವನ್ನ ಪ್ರಕಟಿಸಿದರು. ಲೆಕ್ಕಾಚಾರ ಸರಳ. ತಿಂದದ್ದು ಮೈಗೆ ಹತ್ತೋದು ಸಣ್ಣಕರುಳಿನಲ್ಲಿ. ಕರುಳೇ ಚಿಕ್ಕದಾದ್ರೆ ಮೈಗೆ ಹತ್ತೋದೂ ಕಮ್ಮಿ.

1960ರ ದಶಕದಲ್ಲಿ ಲಾಸ್ ಏಂಜಲಿಸ್‌ನ ಪೇಯ್ನ್ ಮತ್ತು ಡಿವಿಂಡ್ ಇದನ್ನ ಇನ್ನೂ ಮುಂದಕ್ಕೆ ಒಯ್ದರು. ಅವರ ಹೆಸರಾಂತ ವಿಧಾನದಲ್ಲಿ ಮೇಲಿನ ಕರುಳು 14 ಇಂಚು, ಕೆಳಗಿನ ಕರುಳು 4 ಇಂಚು, ಒಟ್ಟು 18 ಇಂಚು ಮಾತ್ರ ಕೆಲಸ ಮಾಡ್ತಿತ್ತು. ಮನುಷ್ಯನ ಸಣ್ಣಕರುಳು ಸುಮಾರು 6 ಮೀಟರ್ ಉದ್ದ ಇರುತ್ತೆ. ಅದರಲ್ಲಿ ಅರ್ಧ ಮೀಟರೂ ಉಳಿಸಿರಲಿಲ್ಲ.

ತೂಕವೇನೋ ಇಳೀತು. ಜೊತೆಗೆ ಬಿಡದ ಭೇದಿ, ಮೂತ್ರಪಿಂಡದಲ್ಲಿ ಕಲ್ಲು, ಕೀಲುನೋವು, ಕೊನೆಗೆ ಕೆಲವರಿಗೆ ಲಿವರ್ರೇ ಕೈಕೊಟ್ಟಿತು. ಎಷ್ಟೋ ಜನರಿಗೆ ಮತ್ತೆ ಹೊಟ್ಟೆ ತೆರೆದು ಕರುಳನ್ನ ಮೊದಲಿನ ಹಾಗೆ ಜೋಡಿಸಬೇಕಾಯ್ತು. 1980ರ ಹೊತ್ತಿಗೆ ಈ ಆಪರೇಷನ್ ನಿಂತುಹೋಯ್ತು. 'ತೂಕದ ಆಪರೇಷನ್ ಮಾಡಿಸ್ಕೊಂಡವರು ಬದುಕಲ್ಲ' ಅಂತ ಊರಲ್ಲಿ ಹಿರಿಯರು ಹೇಳಿದ್ರೆ, ಆ ಭಯ ಗಾಳಿಯಿಂದ ಹುಟ್ಟಿದ್ದಲ್ಲ. ಆದರೆ ಅದು ಐವತ್ತು ವರ್ಷ ಹಿಂದಿನ ಬೇರೊಂದು ಆಪರೇಷನ್ನಿನ ಭಯ.

ಮೇಸನ್ ಗಮನಿಸಿದ್ದೇನು

ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಅಲ್ಸರ್ ರೋಗಿಗಳನ್ನ ನೋಡ್ತಿದ್ದ ಸರ್ಜನ್. ಜಠರದ ಭಾಗ ತೆಗೆಸಿಕೊಂಡವರು ಆಮೇಲೆ ಎಷ್ಟು ತಿಂದರೂ ದಪ್ಪ ಆಗಲ್ಲ ಅನ್ನೋದನ್ನ ಅವರು ಗಮನಿಸಿದರು. ಅಲ್ಸರ್ ಸರ್ಜನ್‌ಗಳಿಗೆ ಅದು ಆಪರೇಷನ್ನಿನ ದೋಷ, ರೋಗಿ ಸೊರಗಿದ್ದಾನೆ ಅಂತ. ಮೇಸನ್ ಅದನ್ನೇ ತಿರುಗಿಸಿ ನೋಡಿದರು. ದಪ್ಪ ಇರೋರಿಗೆ ಇದೇ ಔಷಧ ಯಾಕಾಗಬಾರದು? 1966ರಲ್ಲಿ ಅವರು ಮೊದಲ ಗ್ಯಾಸ್ಟ್ರಿಕ್ ಬೈಪಾಸ್ ಮಾಡಿದರು. ಮರುವರ್ಷ ಚಿಕಾಶಿ ಇಟೊ ಜೊತೆ ಅದನ್ನ ಪ್ರಕಟಿಸಿದರು.

ನಾನು ನೆನಪಿಟ್ಕೊಳ್ಳಿ ಅಂದ ಪಟ್ಟಿ ಇಲ್ಲಿ ಕೆಲಸಕ್ಕೆ ಬರುತ್ತೆ. ಇವತ್ತು ಬೈಪಾಸ್ ಮಾಡಿಸಿಕೊಂಡವರಿಗೆ ಜೀವನಪೂರ್ತಿ ಕಬ್ಬಿಣ, ಬಿ12, ಕ್ಯಾಲ್ಸಿಯಂ, ವಿಟಮಿನ್ ಡಿ ಬರೆದುಕೊಡ್ತಾರಲ್ಲ, ಅದು ಹೊಸ ಶೋಧ ಅಲ್ಲ. ನಮ್ಮ ಅಲ್ಸರ್ ಅಜ್ಜಂದಿರ ಮೈಯಲ್ಲಿ ಆಗಲೇ ಬರೆದಿದ್ದ ಪಾಠ. ವ್ಯತ್ಯಾಸ ಏನಂದ್ರೆ, ಆ ಅಜ್ಜಂದಿರಿಗೆ ಮಾತ್ರೆ ಬರೆದುಕೊಟ್ಟವರು ಕಮ್ಮಿ, ವರ್ಷಾವರ್ಷ ರಕ್ತ ಪರೀಕ್ಷೆ ಮಾಡಿಸಿದವರು ಇನ್ನೂ ಕಮ್ಮಿ.

1977ರಲ್ಲಿ ಅಮೆರಿಕದ ಗ್ರಿಫನ್ ಮತ್ತವರ ತಂಡ ಮೇಸನ್ ಅವರ ಬೈಪಾಸಿಗೆ ರೂ ಅವರ ವೈ ಜೋಡಣೆಯನ್ನ ತಂದು ಕೂಡಿಸಿತು. ಜಠರದ ಮೇಲ್ಭಾಗದಲ್ಲಿ ಒಂದು ಪುಟ್ಟ ಚೀಲ, ಸುಮಾರು 30 ಮಿ.ಲೀ., ಅಂದ್ರೆ ಕಾಫಿ ಲೋಟದ ಕಾಲುಭಾಗಕ್ಕೂ ಕಮ್ಮಿ. ಅದಕ್ಕೆ ಕರುಳಿನ ಒಂದು ತುದಿ. ಪಿತ್ತರಸ, ಪ್ಯಾಂಕ್ರಿಯಾಸ್ ರಸ ಬರೋ ಇನ್ನೊಂದು ತುದಿ ಕೆಳಗೆ ಬಂದು ಸೇರುತ್ತೆ. ಇವತ್ತಿಗೂ 'ಬೈಪಾಸ್' ಅಂದ್ರೆ ಮುಖ್ಯವಾಗಿ ಇದೇ.

ಸುಲಭದ ದಾರಿ ಹುಡುಕಿದವರು

ಬೈಪಾಸ್ ದೊಡ್ಡ ಆಪರೇಷನ್. ಅದರ ತೊಡಕು ಬೇಡ ಅಂತ ಮೇಸನ್ ಅವರೇ 1980ರ ಸುಮಾರಿಗೆ ಕರುಳನ್ನ ಮುಟ್ಟದೆ, ಜಠರವನ್ನ ಪಿನ್ ಹೊಡೆದು ಸಣ್ಣ ಮಾಡಿ, ಬಾಯಿಗೆ ಪಟ್ಟಿ ಹಾಕೋ ವಿಧಾನ ರೂಪಿಸಿದರು. ಆಮೇಲೆ ಸಿಲಿಕೋನ್ ಪಟ್ಟಿ ಬಂತು. ಚರ್ಮದ ಕೆಳಗಿನ ಗುಂಡಿಯಿಂದ ನೀರು ತುಂಬಿ ಬಿಗಿ ಮಾಡಬಹುದು, ತೆಗೆದು ಸಡಿಲ ಮಾಡಬಹುದು. 2001ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಅದಕ್ಕೆ ಅನುಮತಿ ಕೊಟ್ಟರು. ಕತ್ತರಿಸೋದಿಲ್ಲ, ಬೇಡ ಅಂದ್ರೆ ತೆಗೀಬಹುದು. ಯಾರಿಗೆ ಬೇಡ?

ಆದರೆ ಕಿರಿದಾದ ಬಾಯಲ್ಲಿ ರೊಟ್ಟಿ ಇಳಿಯಲ್ಲ, ಪಾಯಸ ಇಳಿಯುತ್ತೆ. ಚಪಾತಿ ಬಿಟ್ಟು ಐಸ್‌ಕ್ರೀಮಿಗೆ ಹೊರಳಿದವರ ತೂಕ ವಾಪಸ್ ಬಂತು. ಪಟ್ಟಿ ಜಾರೋದು, ಜಠರದ ಗೋಡೆ ಕೊರೆದು ಒಳಗೆ ಹೋಗೋದು ಎಲ್ಲ ಶುರುವಾಗಿ, ಹತ್ತು ಹದಿನೈದು ವರ್ಷದಲ್ಲಿ ಹಾಕಿದ್ದಕ್ಕಿಂತ ತೆಗೆಯೋ ಕೆಲಸವೇ ಜಾಸ್ತಿ ಆಯ್ತು. ಇವತ್ತು ಪಟ್ಟಿ ಹೆಚ್ಚುಕಮ್ಮಿ ಚರಿತ್ರೆಗೆ ಸೇರಿದೆ. ಸುಲಭ ಅನ್ನೋ ಒಂದೇ ಕಾರಣಕ್ಕೆ ಆಪರೇಷನ್ ಆರಿಸ್ಕೋಬಾರದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ.

1994ರಲ್ಲಿ ಕ್ಯಾಲಿಫೋರ್ನಿಯಾದ ವಿಟ್‌ಗ್ರೋವ್ ಮತ್ತು ಕ್ಲಾರ್ಕ್ ಲ್ಯಾಪರೋಸ್ಕೋಪ್ ಮೂಲಕ ಬೈಪಾಸ್ ಮಾಡಿದ್ದನ್ನ ಪ್ರಕಟಿಸಿದರು. ಉದ್ದ ಗಾಯದ ಬದಲು ಐದಾರು ತೂತು. ಈ ಕ್ಷೇತ್ರ ಬೆಳೆದದ್ದು, ಈ ಶತಮಾನದ ಶುರುವಿನಲ್ಲಿ ಭಾರತದ ದೊಡ್ಡ ಊರುಗಳಿಗೆ ಹರಡಿದ್ದು, ಆ ತೂತುಗಳಿಂದಲೇ.

ಅರ್ಧ ಆಪರೇಷನ್ ಇಡೀ ಆದದ್ದು

ಈಗ ಸ್ಲೀವ್. ಇಡೀ ಚರಿತ್ರೆಯಲ್ಲಿ ನನಗೆ ತುಂಬಾ ಇಷ್ಟವಾದ ತಿರುವು ಇದು. ಇಟಲಿಯ ಜಿನೋವಾದಲ್ಲಿ ಸ್ಕೊಪಿನಾರೊ 1970ರ ದಶಕದಲ್ಲಿ ಜಠರ ಸಣ್ಣ ಮಾಡಿ, ಕರುಳನ್ನೂ ಬಹಳಷ್ಟು ತಪ್ಪಿಸೋ ಒಂದು ಭಾರಿ ಆಪರೇಷನ್ ಮಾಡಿದ್ದರು. ಅದರ ಸುಧಾರಿಸಿದ ರೂಪದ ಹೆಸರು 'ಡುಯೋಡಿನಲ್ ಸ್ವಿಚ್'. ನ್ಯೂಯಾರ್ಕಿನಲ್ಲಿ ಮಿಷೆಲ್ ಗಾನ್ಯೆ ಎಂಬ ಸರ್ಜನ್ 1999ರಲ್ಲಿ ಅದನ್ನ ಲ್ಯಾಪರೋಸ್ಕೋಪಿನಲ್ಲಿ ಮಾಡೋಕೆ ಶುರು ಮಾಡಿದರು. ಅತಿಯಾದ ತೂಕದವರಿಗೆ ಅಷ್ಟು ಹೊತ್ತಿನ ಆಪರೇಷನ್ ಅಪಾಯ ಅಂತ ಅದನ್ನ ಎರಡು ಕಂತು ಮಾಡಿದರು. ಮೊದಲ ಕಂತಿನಲ್ಲಿ ಜಠರದ ಮುಕ್ಕಾಲು ಭಾಗ ಕತ್ತರಿಸಿ ತೆಗೆದು, ಉಳಿದದ್ದನ್ನ ಬಾಳೆಕಾಯಿ ಆಕಾರದ ಕೊಳವೆ ಮಾಡೋದು. ತಿಂಗಳುಗಳ ನಂತರ ಸ್ವಲ್ಪ ತೂಕ ಇಳಿದ ಮೇಲೆ ಕರುಳಿನ ಕೆಲಸ.

ಆದರೆ ಎಷ್ಟೋ ಜನರಿಗೆ ಮೊದಲ ಕಂತಿನಲ್ಲೇ ಸಾಕಷ್ಟು ತೂಕ ಇಳೀತು. ಎರಡನೇ ಕಂತು ಬೇಕಾಗಲೇ ಇಲ್ಲ. ಹೀಗೆ ಮುಗಿಯದ ಆಪರೇಷನ್ನೇ ಪೂರ್ತಿ ಆಪರೇಷನ್ ಆಗಿ, ಇವತ್ತು ಜಗತ್ತಿನಲ್ಲೇ ಅತಿ ಹೆಚ್ಚು ನಡೆಯೋ ತೂಕದ ಶಸ್ತ್ರಚಿಕಿತ್ಸೆ ಆಗಿದೆ. ಕತ್ತರಿಸಿ ತೆಗೆದ ಭಾಗದಲ್ಲೇ ಹಸಿವಿನ ಹಾರ್ಮೋನು ಗ್ರೆಲಿನ್ ಹೆಚ್ಚಾಗಿ ಹುಟ್ಟುತ್ತೆ. ಅದನ್ನ ಜಪಾನಿನ ವಿಜ್ಞಾನಿಗಳು ಗುರುತಿಸಿದ್ದೂ 1999ರಲ್ಲೇ. ಚೀಲ ಸಣ್ಣದಾದದ್ದಷ್ಟೇ ಅಲ್ಲ, ಹಸಿವೂ ಕಮ್ಮಿಯಾಗಿತ್ತು.

ಹೆಚ್ಚೂಕಮ್ಮಿ ಅದೇ ಕಾಲದಲ್ಲಿ, 1997ರಿಂದ, ಅಮೆರಿಕದ ರಾಬರ್ಟ್ ರಟ್ಲೆಜ್ ಎರಡು ಜೋಡಣೆಯ ಬದಲು ಒಂದೇ ಜೋಡಣೆಯ 'ಮಿನಿ ಬೈಪಾಸ್' ಮಾಡತೊಡಗಿದರು. ಹೆಸರು ಮಿನಿ, ಪರಿಣಾಮ ಮಿನಿ ಅಲ್ಲ. ಭಾರತದಲ್ಲಿ ಇದಕ್ಕೆ ಒಳ್ಳೆ ಬೇಡಿಕೆ ಇದೆ. ಫ್ರಾನ್ಸಿನಲ್ಲಿ ಇದನ್ನ ಮಾಮೂಲಿ ಬೈಪಾಸ್ ಜೊತೆ ಹೋಲಿಸಿ ನೋಡಿದ ಅಧ್ಯಯನ 2019ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂತು. ಎರಡು ವರ್ಷಕ್ಕೆ ತೂಕ ಇಳಿಸೋದರಲ್ಲಿ ಹಿಂದೆ ಬಿದ್ದಿರಲಿಲ್ಲ, ಆದರೆ ಭೇದಿ ಮತ್ತು ಪೌಷ್ಟಿಕತೆಯ ತೊಂದರೆ ಹೆಚ್ಚಿತ್ತು. ರೂ ಅವರು ಯಾವ ಪಿತ್ತರಸಕ್ಕೆ ಹೆದರಿ ವೈ ಜೋಡಣೆ ಮಾಡಿದ್ರೋ, ಆ ಪಿತ್ತರಸದ ಪ್ರಶ್ನೆ ಇಲ್ಲಿ ಮತ್ತೆ ಬರುತ್ತೆ.

ಸಕ್ಕರೆ ಕಾಯಿಲೆ ಮಧ್ಯೆ ಬಂದದ್ದು

1995ರಲ್ಲಿ ಅಮೆರಿಕದ ವಾಲ್ಟರ್ ಪೋರೀಸ್ ತಮ್ಮ ಬೈಪಾಸ್ ರೋಗಿಗಳ ಲೆಕ್ಕ ಕೊಟ್ಟರು. ಡಯಾಬಿಟಿಸ್ ಇದ್ದ 146 ಜನರಲ್ಲಿ 121 ಜನರ ಸಕ್ಕರೆ ಮಾಮೂಲಿಗೆ ಬಂದಿತ್ತು. ಅದೂ ಎಷ್ಟೋ ಜನರಿಗೆ ತೂಕ ಇಳಿಯೋಕೆ ಮೊದಲೇ, ದಿನಗಳಲ್ಲಿ. ಕರುಳಿನ ಹಾರ್ಮೋನುಗಳೇ ಬದಲಾಗ್ತವೆ ಅಂತ ಆಮೇಲೆ ಗೊತ್ತಾಯ್ತು. ಅಲ್ಲಿಂದ ಇದು ಬರೀ ತೂಕದ ಆಪರೇಷನ್ ಆಗಿ ಉಳೀಲಿಲ್ಲ.

ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 150 ಡಯಾಬಿಟಿಸ್ ರೋಗಿಗಳ ಮೇಲೆ ನಡೆದ ಪ್ರಯೋಗದ ಐದು ವರ್ಷದ ಫಲಿತಾಂಶ 2017ರಲ್ಲಿ ಬಂತು. ಮೂರು ತಿಂಗಳ ಸಕ್ಕರೆ ಸರಾಸರಿ ಶೇ 6ಕ್ಕೆ ಅಥವಾ ಅದಕ್ಕಿಂತ ಕೆಳಗೆ ಬಂದವರು ಬರೀ ಔಷಧದಲ್ಲಿ ಶೇ 5, ಸ್ಲೀವಿನಲ್ಲಿ ಶೇ 23, ಬೈಪಾಸಿನಲ್ಲಿ ಶೇ 29. ಈ ಅಂಕಿಯನ್ನ ಎರಡೂ ಕಡೆಯಿಂದ ಓದಬೇಕು. ಆಪರೇಷನ್ ಔಷಧಕ್ಕಿಂತ ಬಹಳ ಮುಂದಿದೆ. ಆದರೆ ಐದು ವರ್ಷಕ್ಕೆ ಮುಕ್ಕಾಲು ಪಾಲು ಜನ ಆ ಗುರಿ ಮುಟ್ಟಿಲ್ಲ. 'ಶುಗರ್ ಹೋಗೇ ಹೋಗುತ್ತೆ' ಅಂತ ಯಾರಾದ್ರೂ ಬೋರ್ಡ್ ಹಾಕಿದ್ರೆ ನಂಬಬೇಡಿ. ಕಾಯಿಲೆ ಹಳೆಯದಾದಷ್ಟೂ, ಇನ್ಸುಲಿನ್ ಶುರುವಾಗಿದ್ದಷ್ಟೂ ಅದು ಪೂರ್ತಿ ಹಿಂದೆ ಸರಿಯೋ ಸಾಧ್ಯತೆ ಕಮ್ಮಿ.

ನಮ್ಮ ಮೈಯ ಲೆಕ್ಕವೇ ಬೇರೆ

ಮತ್ತೆ ಮೈಸೂರಿನ ಮಿಷನ್ ಆಸ್ಪತ್ರೆಗೆ ಬರೋಣ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆ ಸುತ್ತಳತೆ ಬರೆದಿಟ್ಟ ದಾಖಲೆಗಳು ಉಳಿದುಬಂದಿದ್ದವು. ಆ ಮಕ್ಕಳು ನಡುವಯಸ್ಸಿಗೆ ಬಂದ ಮೇಲೆ ಸಂಶೋಧಕರು ಅವರನ್ನ ಹುಡುಕಿ ಪರೀಕ್ಷೆ ಮಾಡಿದರು. ಸಣ್ಣಗೆ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚು ಅಂತ 1996ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂದ ಆ ಅಧ್ಯಯನ ಜಗತ್ತಿನ ಗಮನ ಸೆಳೆಯಿತು. ಪುಣೆಯ ಡಾ. ಯಾಜ್ಞಿಕ್ 2004ರಲ್ಲಿ ತಮ್ಮ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಅವರ ಫೋಟೋ ಪಕ್ಕಪಕ್ಕ ಹಾಕಿ ಅದೇ ಮಾತನ್ನ ಇನ್ನೊಂದು ರೀತಿ ತೋರಿಸಿದರು. ಇಬ್ಬರ ಬಿಎಂಐ ಒಂದೇ, 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ನೋಡೋಕೆ ತೆಳ್ಳಗಿದ್ದರೂ ಒಳಗೆ ಕೊಬ್ಬು.

ಅದಕ್ಕೇ ಭಾರತೀಯರಿಗೆ ಗೆರೆ ಬೇರೆ. 1991ರ ಅಮೆರಿಕದ ನಿಯಮ ಬಿಎಂಐ 40, ಅಥವಾ ಕಾಯಿಲೆ ಜೊತೆಗಿದ್ರೆ 35. ನಮ್ಮ ತಜ್ಞರು 2009ರಲ್ಲಿ ಅದನ್ನ 37.5 ಮತ್ತು 32.5ಕ್ಕೆ ಇಳಿಸಿದರು. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಏಷ್ಯಾದವರಿಗೆ 27.5ರಿಂದಲೇ ಶಸ್ತ್ರಚಿಕಿತ್ಸೆಯ ಅವಕಾಶ ಕೊಡಬಹುದು ಅನ್ನುತ್ತೆ. ವಿಮೆ ಮಾತ್ರ ಹಳೆ ಗೆರೆಯಲ್ಲೇ ನಿಂತಿದೆ. ವಿಮಾ ನಿಯಂತ್ರಣ ಪ್ರಾಧಿಕಾರದ 2019ರ ನಿಯಮದ ಪ್ರಕಾರ ಬಿಎಂಐ 40 ಇರಬೇಕು, ಇಲ್ಲಾಂದ್ರೆ 35ರ ಜೊತೆ ಹತೋಟಿಗೆ ಬಾರದ ಡಯಾಬಿಟಿಸ್, ಹೃದ್ರೋಗ, ತೀವ್ರ ಸ್ಲೀಪ್ ಆಪ್ನಿಯಾದಂಥ ಕಾಯಿಲೆ ಇರಬೇಕು. ಐದೂವರೆ ಅಡಿ ಎತ್ತರದ, 90 ಕೆ.ಜಿ. ತೂಕದ, ಶುಗರ್ ಹತೋಟಿಗೆ ಬಾರದ ಒಬ್ಬ ಮನುಷ್ಯನ ಬಿಎಂಐ ಸುಮಾರು 32 ಚಿಲ್ಲರೆ. ಡಾಕ್ಟರ ಗೆರೆಯ ಬಾಗಿಲಲ್ಲಿ ಇದ್ದಾನೆ, ವಿಮೆಯ ಗೆರೆಯಿಂದ ಬಹಳ ಹೊರಗೆ. ಹಣ ಇದ್ದವನಿಗೆ ಮಾತ್ರ ಆಯ್ಕೆ ಅಂತಾಯ್ತು.

ಇನ್ನೊಂದು ಮಾತು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವನಟಿಯೊಬ್ಬರು ಕೊಬ್ಬು ತೆಗೆಸೋ ಸೌಂದರ್ಯ ಚಿಕಿತ್ಸೆಯ ನಂತರ ತೀರಿಕೊಂಡಾಗ, ಎಲ್ಲರೂ ಅದನ್ನೂ ಇದನ್ನೂ ಒಂದೇ ಅಂದುಕೊಂಡರು. ಚರ್ಮದ ಕೆಳಗಿನ ಕೊಬ್ಬು ಹೀರೋದು ಆಕಾರಕ್ಕೆ. ಜಠರದ ಆಪರೇಷನ್ ಕಾಯಿಲೆಗೆ. ಎರಡೂ ಬೇರೆ ಬೇರೆ. ಜಠರದ ಆಪರೇಷನ್ನಿನಲ್ಲೂ ಅಪಾಯ ಇಲ್ಲ ಅಂತಲ್ಲ. 2009ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ ಮೂವತ್ತು ದಿನದೊಳಗಿನ ಸಾವು ಸಾವಿರಕ್ಕೆ ಮೂರು.

ಭದ್ರಾವತಿಯ ಒಂದು ಮನೆಯಲ್ಲಿ

ಈ ಚರಿತ್ರೆಯನ್ನ ನಾನು ಓದೋಕೆ ಹಚ್ಚಿದ್ದು ಭದ್ರಾವತಿಯಲ್ಲಿರೋ ನಮ್ಮ ದೊಡ್ಡಪ್ಪನ ಮಗಳು. ನನಗೆ ಅಕ್ಕ. ಬೆಂಕಿಪುರ ಅಂತಿದ್ದ ಊರು 1923ರಲ್ಲಿ ಕಬ್ಬಿಣ ಕುಲುಮೆ ಹೊತ್ತಿ ಭದ್ರಾವತಿಯಾಗಿ ಬೆಳೆದದ್ದನ್ನ ಈ ಸರಣಿಯಲ್ಲೇ ಮಾತಾಡಿದೀವಿ. ಅಕ್ಕನ ಅಜ್ಜ ಕಾರ್ಖಾನೆಯಲ್ಲಿ ಮೈಮುರಿದು ದುಡಿದವರು, ಮೂರು ಮುದ್ದೆ ಅನ್ನ ಉಂಡು ಕರಗಿಸಿದವರು. ಅದೇ ಊಟ ಈ ತಲೆಮಾರಿಗೂ ಬಂತು, ಆ ದುಡಿಮೆ ಬರಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಹೆಂಗಸರಲ್ಲೂ ಗಂಡಸರಲ್ಲೂ ಹತ್ತರಲ್ಲಿ ಸುಮಾರು ಮೂವರ ತೂಕ ಹೆಚ್ಚು.

ಅಕ್ಕ ಐದಡಿ ಎತ್ತರ, 84 ಕೆ.ಜಿ. ಬಿಎಂಐ 36. ಒಂಬತ್ತು ವರ್ಷದ ಶುಗರ್, ಎರಡು ಥರ ಮಾತ್ರೆ ನುಂಗಿದ್ರೂ ಇಳೀತಿರಲಿಲ್ಲ. ರಾತ್ರಿ ಎದೆ ಉರಿ, ಎರಡು ದಿಂಬು ಇಲ್ದೆ ಮಲಗೋಕೆ ಆಗ್ತಿರಲಿಲ್ಲ. ಬೆಂಗಳೂರಿನಲ್ಲಿ ಒಬ್ಬ ಡಾಕ್ಟರು ಸ್ಲೀವ್ ಅಂದರು, ಇನ್ನೊಬ್ಬರು ಬೈಪಾಸ್ ಅಂದರು. "ಇಬ್ರೂ ದೊಡ್ಡ ಡಾಕ್ಟ್ರೇ ಕಣೋ. ಟಾಸ್ ಹಾಕ್ಲಾ?" ಅಂತ ಕೇಳಿದಳು. ಭಾವ ಮಾತ್ರ ಸ್ಲೀವ್ ಕಡೆಗೆ. ಕರುಳು ಮುಟ್ಟಲ್ಲ, ಬೇಗ ಮುಗಿಯುತ್ತೆ ಅಂತ.

ಸ್ಲೀವ್ ಮತ್ತು ಬೈಪಾಸನ್ನ ಎದುರುಬದುರು ಇಟ್ಟು ನೋಡಿದ ಎರಡು ಪ್ರಯೋಗಗಳ ಐದು ವರ್ಷದ ಫಲಿತಾಂಶ 2018ರಲ್ಲಿ ಒಟ್ಟಿಗೆ ಬಂತು, ಒಂದು ಸ್ವಿಟ್ಜರ್‌ಲೆಂಡಿನದು, ಒಂದು ಫಿನ್‌ಲೆಂಡಿನದು. ಫಿನ್‌ಲೆಂಡಿನಲ್ಲಿ ಹೆಚ್ಚುವರಿ ತೂಕದಲ್ಲಿ ಇಳಿದದ್ದು ಸ್ಲೀವಿಗೆ ಶೇ 49, ಬೈಪಾಸಿಗೆ ಶೇ 57. ಸ್ವಿಸ್ ಪ್ರಯೋಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಂದ್ರೆ ತೂಕದ ವಿಷಯದಲ್ಲಿ ಇಬ್ಬರು ಡಾಕ್ಟರೂ ಸರಿ. ಆದರೆ ಎದೆ ಉರಿಯ ಲೆಕ್ಕ ನೋಡಿ. ಸ್ವಿಸ್ ಪ್ರಯೋಗದಲ್ಲಿ ಮೊದಲೇ ಎದೆ ಉರಿ ಇದ್ದು, ಆಪರೇಷನ್ ಆದ ಮೇಲೆ ಅದು ಜಾಸ್ತಿಯಾದವರು ಸ್ಲೀವಿನಲ್ಲಿ ಶೇ 32ರಷ್ಟು, ಬೈಪಾಸಿನಲ್ಲಿ ಶೇ 6ರಷ್ಟು. ಫಿನ್‌ಲೆಂಡಿನ ಹತ್ತು ವರ್ಷದ ವರದಿಯಲ್ಲೂ ಅನ್ನನಾಳದ ಉರಿಯೂತ ಸ್ಲೀವಿನವರಲ್ಲಿ ಶೇ 31, ಬೈಪಾಸಿನವರಲ್ಲಿ ಶೇ 7. ಕಾರಣ ಆಕಾರದಲ್ಲೇ ಇದೆ. ಕಿರಿದಾದ ಕೊಳವೆಯಲ್ಲಿ ಒತ್ತಡ ಹೆಚ್ಚು, ಆಮ್ಲ ಮೇಲಕ್ಕೆ ನುಗ್ಗುತ್ತೆ.

ಹಾಗಾದ್ರೆ ಬೈಪಾಸ್ ಅಂತ ತೀರ್ಮಾನ ಮಾಡಬಹುದಿತ್ತು. ಆದರೆ ಅಕ್ಕನ ಹಿಮೋಗ್ಲೋಬಿನ್ 9. ಕಬ್ಬಿಣದ ಅಂಶ ಹೆಚ್ಚಾಗಿ ಹೀರಿಕೊಳ್ಳೋದು ಜಠರ ದಾಟಿದ ಮೇಲಿನ ಕರುಳಿನ ಮೊದಲ ಭಾಗದಲ್ಲಿ. ಬೈಪಾಸ್ ತಪ್ಪಿಸೋದೇ ಆ ಭಾಗವನ್ನ. ಅದೇ ಸಮೀಕ್ಷೆ ಪ್ರಕಾರ ರಾಜ್ಯದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಹಾಗಾಗಿ ಇದು ಅಕ್ಕನೊಬ್ಬಳ ಸಮಸ್ಯೆ ಅಲ್ಲ. ಮೇಲಾಗಿ ಮನೆಯಲ್ಲಿ ಮೊಟ್ಟೆಯೂ ಇಲ್ಲದ ಊಟ. ಬಿ12 ಸಿಗೋದು ಹಾಲು ಮೊಸರಿನಿಂದ ಮಾತ್ರ.

ಈ ತೊಡಕು ಬಿಡಿಸಿದ್ದು ಮೂರು ಕೆಲಸ. ಮೊದಲನೇದು ಎಂಡೋಸ್ಕೋಪಿ. ಅನ್ನನಾಳದಲ್ಲಿ ಉರಿಯೂತ ಇದೆ, ಬರೀ ಬಾಯಿಮಾತಿನ 'ಗ್ಯಾಸ್ಟ್ರಿಕ್' ಅಲ್ಲ ಅಂತ ಖಚಿತವಾಯ್ತು. ಎರಡನೇದು, ಸ್ತ್ರೀರೋಗ ತಜ್ಞರನ್ನ ನೋಡಿ ಹೆಚ್ಚು ಮುಟ್ಟಿನ ರಕ್ತಸ್ರಾವಕ್ಕೆ ಚಿಕಿತ್ಸೆ, ಡ್ರಿಪ್ಪಿನಲ್ಲಿ ಕಬ್ಬಿಣ. ಹಿಮೋಗ್ಲೋಬಿನ್ 12 ಮುಟ್ಟೋಕೆ ನಾಲ್ಕು ತಿಂಗಳು ಬೇಕಾಯ್ತು. ಮೂರನೇದು ಅಕ್ಕನೇ ಕೇಳಿದ ಪ್ರಶ್ನೆ. "ಬೆಂಗಳೂರಿಗೆ ಎಷ್ಟು ಸಲ ಬರಬೇಕು? ಊರಲ್ಲಿ ಯಾರು ನೋಡ್ತಾರೆ?" ರಕ್ತ ಪರೀಕ್ಷೆಗಳ ಪಟ್ಟಿ ಬರೆಸಿಕೊಂಡು, ಶಿವಮೊಗ್ಗದ ಒಬ್ಬ ಫಿಜಿಶಿಯನ್ ಹತ್ರ ಮೊದಲೇ ಮಾತಾಡಿ, ಆರು ತಿಂಗಳಿಗೊಮ್ಮೆ ನೋಡೋಕೆ ಒಪ್ಪಿಸಿದಳು. ಆಮೇಲೆ ಬೈಪಾಸಿಗೆ ದಿನ ಗೊತ್ತು ಮಾಡಿದರು.

ಈಗ ಎರಡು ವರ್ಷ. ತೂಕ 61ರ ಆಸುಪಾಸಿನಲ್ಲಿ ನಿಂತಿದೆ. ಶುಗರ್ ಪೂರ್ತಿ ಹೋಗಿಲ್ಲ, ಒಂದು ಮಾತ್ರೆಗೆ ಇಳಿದಿದೆ. ಎದೆ ಉರಿ ಇಲ್ಲ. ಮೊದಲ ವರ್ಷ ಕೂದಲು ಉದುರಿತು. ಹಬ್ಬದ ದಿನ ದೋಸೆಗೆ ಜೋನಿಬೆಲ್ಲ ಹಚ್ಕೊಂಡು ತಿಂದು, ಬೆವರಿ ಹಾಸಿಗೆ ಹಿಡಿದದ್ದೂ ಆಯ್ತು. ಅದೇ ಡಂಪಿಂಗ್. ದಿನಾ ನಾಲ್ಕು ಮಾತ್ರೆ, ತಿಂಗಳಿಗೊಂದು ಬಿ12 ಇಂಜೆಕ್ಷನ್. ಬೇರೆಯವರಿಗೆ ಇದೇ ಬೇಕು ಅಂತ ಅವಳು ಹೇಳಲ್ಲ. ಎದೆ ಉರಿ ಇಲ್ಲದ, ರಕ್ತ ಕಮ್ಮಿ ಇರೋ, ಮಾತ್ರೆ ಮರೆಯೋ ಸ್ವಭಾವದ ಓರಗಿತ್ತಿಗೆ ಸ್ಲೀವೇ ವಾಸಿ ಅಂತ ಅವಳೇ ಹೇಳಿದ್ದಾಳೆ.

ಕೇಳಬೇಕಾದ ಪ್ರಶ್ನೆಗಳು

ಡಾಕ್ಟರ ಮುಂದೆ ಕೂತಾಗ 'ಯಾವುದು ಬೆಸ್ಟು' ಅಂತ ಕೇಳಿದ್ರೆ ಅವರು ದಿನಾ ಮಾಡೋದನ್ನೇ ಹೇಳ್ತಾರೆ. ಅದರ ಬದಲು ಹೀಗೆ ಕೇಳಿ. ನನ್ನ ಎಂಡೋಸ್ಕೋಪಿಯಲ್ಲಿ ಏನಿದೆ? ನನ್ನ ಡಯಾಬಿಟಿಸ್ ಎಷ್ಟು ಹಳೆಯದು, ಅದಕ್ಕೆ ಯಾವುದು ಹೆಚ್ಚು ಉಪಯೋಗ? ಈಗ ನನ್ನ ಕಬ್ಬಿಣ, ಬಿ12, ಡಿ ಎಷ್ಟಿದೆ? ನೀವು ಎರಡೂ ಥರ ಆಪರೇಷನ್ ಮಾಡ್ತೀರಾ? ಇದು ಕೈಕೊಟ್ಟರೆ ಮುಂದಿನ ದಾರಿ ಯಾವುದು? ಸ್ಲೀವ್ ಸಾಲದೆ ಹೋದ್ರೆ ಬೈಪಾಸ್ ಮಾಡಬಹುದು, ಆದರೆ ಕತ್ತರಿಸಿ ತೆಗೆದ ಜಠರ ವಾಪಸ್ ಬರಲ್ಲ. ಬೈಪಾಸ್ ಆದ ಮೇಲೆ ಬೀಡಿ ಸಿಗರೇಟು, ಮೈಕೈ ನೋವಿನ ಮಾತ್ರೆ ಜೋಡಣೆಯ ಜಾಗದಲ್ಲಿ ಹೊಸ ಹುಣ್ಣು ತರಬಹುದು. ಮಗು ಬೇಕು ಅನ್ನೋ ಹೆಂಗಸರು ಕನಿಷ್ಠ ಒಂದರಿಂದ ಒಂದೂವರೆ ವರ್ಷ ಕಾಯಬೇಕು. ಪದೇಪದೇ ವಾಂತಿಯಾದ್ರೆ ಬಿ1 ಕೊರತೆಯಿಂದ ನರಕ್ಕೆ ಪೆಟ್ಟಾಗುತ್ತೆ, ಅದಕ್ಕೆ ಅವತ್ತೇ ಡಾಕ್ಟರ ಹತ್ರ ಹೋಗಬೇಕು. ಇದನ್ನೆಲ್ಲ ಮನೆಯವರೂ ಕೇಳಿಸಿಕೊಂಡಿರಲಿ.

2025ರಲ್ಲಿ ಮೌಂಜಾರೊ, ವೆಗೊವಿ ಇಂಜೆಕ್ಷನ್‌ಗಳು ಭಾರತಕ್ಕೆ ಬಂದಿವೆ. ಬೈಪಾಸ್ ಆದವರ ಕರುಳಿನಲ್ಲಿ ತಾನಾಗೇ ಏರೋ ಒಂದು ಹಾರ್ಮೋನಿನ ಕೆಲಸವನ್ನೇ ಇವು ಹೊರಗಿನಿಂದ ಮಾಡ್ತವೆ. ನಿಲ್ಲಿಸಿದ್ರೆ ತೂಕ ಬಹುಮಟ್ಟಿಗೆ ವಾಪಸ್ ಬರುತ್ತೆ ಅನ್ನೋದು ಈಗಾಗಲೇ ಕಂಡಿದೆ. ಅಲ್ಸರಿನ ಆಪರೇಷನ್ನನ್ನ ಮಾತ್ರೆ ಮರೆಸಿದ ಹಾಗೆ, ಈ ಆಪರೇಷನ್ನನ್ನ ಇಂಜೆಕ್ಷನ್ ಮರೆಸಬಹುದು, ಮರೆಸದೆಯೂ ಇರಬಹುದು. ಮೇಸನ್ ನೂರು ವರ್ಷ ಬದುಕಿ 2020ರಲ್ಲಿ ತೀರಿಕೊಂಡರು. ತಾವೇ ಶುರು ಮಾಡಿದ ಬೈಪಾಸ್ ಬಿಟ್ಟು ಸುಲಭದ ದಾರಿಗೆ ಹೋದರು, ಜಗತ್ತು ಅವರ ಹಳೇ ದಾರಿಗೇ ವಾಪಸ್ ಬಂತು. ರೋಗಿಗಳನ್ನ ವರ್ಷಗಟ್ಟಲೆ ಬಿಡದೆ ಗಮನಿಸಿದ್ದರಿಂದಲೇ ಅದೆಲ್ಲ ಗೊತ್ತಾದದ್ದು. ನೀವು ಯಾವುದನ್ನೇ ಆರಿಸ್ಕೊಳ್ಳಿ, ಹತ್ತು ವರ್ಷ ನಿಮ್ಮನ್ನ ನೋಡೋ ಒಬ್ಬ ಡಾಕ್ಟರನ್ನ ನಿಮ್ಮ ಊರಿನ ಹತ್ತಿರದಲ್ಲೇ ಮೊದಲು ಗೊತ್ತು ಮಾಡಿಕೊಳ್ಳಿ.